ಎಡಗೈ ಸವಾರನ ಜೋಡಿ

ಲಂಡನ್ನಿಗೆ ಹೋಗಿ ಬಂದವಳನ್ನು ಕಂಡರೆ ಓಣಿಯವರು ಕೇಳುವುದು ಒಂದೇ ಮಾತು: ಅರಮನೆ ನೋಡಿದಿ ಏನು? ನೋಡಿದೆ. ಗೇಟು ನೋಡಿದೆ. ಗೇಟಿನ ಆಚೆ ಗೊಂಬೆಯ ಹಾಗೆ ನಿಂತ ಸಿಪಾಯಿ, ಈಚೆ ಛತ್ರಿ ಹಿಡಿದು ನಿಂತ ನಾನು. ಇಬ್ಬರಿಗೂ ಮಾಡಲು ಕೆಲಸ ಇರಲಿಲ್ಲ. ಅರ್ಧ ತಾಸು ನಿಂತು ತಿರುಗಿ ಬಂದೆ.

ನಾನು ಹೇಳಬೇಕೆಂದಿರುವುದು ಒಂದು ಕುದುರೆಯ ಸುದ್ದಿ. ನನ್ನ ಅಂಗೈಗಿಂತ ಚಿಕ್ಕ ಕುದುರೆ, ಪಾರಸಿ ದೇಶದ ಒಂದು ಹಳೇ ಪುಸ್ತಕದಲ್ಲಿ ಬರೆದದ್ದು. ಬರೆದವನು ಸತ್ತು ಎಷ್ಟೋ ನೂರು ವರ್ಷ ಆಗಿದೆ. ಅವನು ಮಾಡಿದ ಒಂದು ತಪ್ಪನ್ನು ಹುಬ್ಬಳ್ಳಿಯಿಂದ ಹೋಗಿ ಹಿಡಿದವಳು ನಾನು. ಜಂಬ ಅನ್ನುವವರು ಅನ್ನಲಿ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಹಳೇ ಹುಬ್ಬಳ್ಳಿಯಲ್ಲಿ, ಕುಪ್ಪಸದ ಮೇಲೆ ಜರಿ ಕೆಲಸ ಮಾಡುವವರಿಗೆ ಚಿತ್ರ ಇಳಿಸಿ ಕೊಡುವುದು ನನ್ನ ಕೆಲಸ. ಬೆಣ್ಣೆ ಕಾಗದದ ಮೇಲೆ ನವಿಲೋ ಬಳ್ಳಿಯೋ ಬರೆದುಕೊಳ್ಳಬೇಕು. ಗೆರೆಯ ಉದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಬೇಕು. ಆ ಹಾಳೆಯನ್ನು ಬಟ್ಟೆಯ ಮೇಲಿಟ್ಟು, ಇದ್ದಲು ಪುಡಿಯನ್ನೋ ಸೀಮೆಸುಣ್ಣದ ಪುಡಿಯನ್ನೋ ಗಂಟು ಕಟ್ಟಿ ಮೇಲೆ ತಟ್ಟಬೇಕು. ಹಾಳೆ ಎತ್ತಿದರೆ ಬಟ್ಟೆಯ ಮೇಲೆ ಚುಕ್ಕಿಚುಕ್ಕಿಯಾಗಿ ನವಿಲು ನಿಂತಿರುತ್ತದೆ. ನಾವು ಅದಕ್ಕೆ ಚುಚ್ಚುಹಾಳಿ ಅನ್ನುತ್ತೇವೆ. ಒಂದು ಹಾಳೆಯಿಂದ ನೂರು ಕುಪ್ಪಸ. ಬಲತೋಳಿಗೆ ಒಂದು ಮುಖ, ಎಡತೋಳಿಗೆ ಅದನ್ನೇ ತಿರುವಿ ಹಾಕಿದರೆ ಜೋಡಿ. ಇಷ್ಟೇ ನನ್ನ ವಿದ್ಯೆ.

ಕ್ವೀನ್ಸ್‌ಬರಿ

ಮಗಳು ಕಸ್ತೂರಿ ಲಂಡನ್ನಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ಮನೆ ಅಲ್ಲಿಯ ಕ್ವೀನ್ಸ್‌ಬರಿ ಎಂಬ ಬಡಾವಣೆಯಲ್ಲಿ. ಅಳಿಯನ ಮಾತು ಇದರಲ್ಲಿ ಮುಂದೆ ಬರುವುದಿಲ್ಲ, ಒಳ್ಳೆಯವನು. ಅವರ ಮಗಳು ನಿಶಾ. ಹುಟ್ಟಿದ್ದು ಬೆಳೆದದ್ದು ಅಲ್ಲಿಯೇ. ಕನ್ನಡ ಎಲ್ಲಾ ತಿಳಿಯುತ್ತದೆ, ಬಾಯಿ ಬಿಟ್ಟರೆ ಅರ್ಧ ಇಂಗ್ಲಿಷು.

ಕ್ವೀನ್ಸ್‌ಬರಿಯಲ್ಲಿ ಕರಿಬೇವು, ಜೋಳದ ಹಿಟ್ಟು, ಬೆಂಡೆಕಾಯಿ ಎಲ್ಲಾ ಸಿಗುತ್ತದೆ. ಹುಬ್ಬಳ್ಳಿಯಲ್ಲಿ ಸಿಗದ ಶಾಂತಿಯೂ ಸಿಗುತ್ತದೆ, ಅದು ನನಗೆ ಬೇಕಾಗಿರಲಿಲ್ಲ. ಮನೆಗಳು ಎರಡೆರಡು ಪಕ್ಕಕ್ಕೆ ಅಂಟಿಕೊಂಡ ಅವಳಿ. ಒಂದರ ಬಾಗಿಲು ಎಡಕ್ಕೆ, ಇನ್ನೊಂದರದು ಬಲಕ್ಕೆ. ಕಿಟಕಿ, ಮೆಟ್ಟಿಲು, ಕೊನೆಗೆ ಕಸದ ಡಬ್ಬಿ ಕೂಡ ಹಾಗೆಯೇ. ಒಂದೇ ಚುಚ್ಚುಹಾಳಿ ತಿರುವಿ ಹಾಕಿ ಊರು ಕಟ್ಟಿದ್ದಾರೆ. ಬಂದ ಮೂರನೇ ದಿನ ನಾನು ವಾಕಿಂಗ್ ಮುಗಿಸಿ ಬಂದು ಪಕ್ಕದ ಮನೆಯ ಬಾಗಿಲು ದೂಡಿ ಒಳಗೆ ಹೋಗಿ ಚಪ್ಪಲಿ ಬಿಟ್ಟೆ. ಒಬ್ಬ ಬಿಳಿ ಮುದುಕ ಅಡುಗೆಮನೆಯಿಂದ ಬಂದ. ಚೀರಲಿಲ್ಲ, ಯಾರು ಅನ್ನಲಿಲ್ಲ. "ಇವತ್ತು ಹವಾ ಚೆನ್ನಾಗಿದೆ, ಅಲ್ಲವೇ?" ಎಂದನಂತೆ. ನಮ್ಮ ಓಣಿಯಲ್ಲಾಗಿದ್ದರೆ ಕಳ್ಳಿ ಎಂದು ಕೂಗಿ, ಆಮೇಲೆ ಚಹಾ ಕೊಡುತ್ತಿದ್ದರು.

ನಿಶಾ ಊಟ ಬಿಟ್ಟದ್ದು ನಾನು ನೋಡಿದೆ. ಮೂರು ದಿನದಿಂದ ಬರೀ ಬ್ರೆಡ್ಡು ಸುಟ್ಟುಕೊಂಡು ತಿನ್ನುತ್ತಿದ್ದಳು.

"ಯಾಕವಾ, ಏನಾಗೇತಿ? ಯಾವನಾದ್ರೂ ಕೈ ಕೊಟ್ನೇನ್?"

"ಅಜ್ಜೀ! ಇಲ್ಲ. ವರ್ಕ್."

"ಏನ್ ಕೆಲಸ ನಿಂದು?"

"ಓಲ್ಡ್ ಬುಕ್ಸ್. ಹಳೇ ಪುಸ್ತಕ ನೋಡ್ಕೊಳ್ಳೋದು."

"ನೋಡ್ಕೊಳ್ಳೋದಂದ್ರ? ಹೊತ್ತಹೊತ್ತಿಗೆ ಉಣ್ಣಸ್ತೀಯೇನ್ ಅವಕ್ಕ?"

ಅವಳು ನಕ್ಕಳು, ಆಮೇಲೆ ಎಲ್ಲಾ ಹೇಳಿದಳು. ಅವಳು ಕಲಿಯುವವಳಾಗಿ ಸೇರಿದ್ದು ಒಂದು ವರ್ಷಕ್ಕೆ, ಈ ತಿಂಗಳಿಗೆ ಮುಗಿಯುತ್ತದೆ. ಅಂಥ ಇಬ್ಬರು ಹುಡುಗಿಯರಿದ್ದಾರೆ, ಕಾಯಂ ಜಾಗ ಒಂದೇ. ಬರುವ ಗುರುವಾರ ಇಬ್ಬರೂ ತಮಗೆ ಕೊಟ್ಟ ಒಂದೊಂದು ಚಿತ್ರದ ಬಗ್ಗೆ ಹಿರಿಯರ ಮುಂದೆ ಮಾತಾಡಬೇಕು. ಹೊಸದೇನಾದರೂ ಹೇಳಬೇಕು. ಇವಳ ಪಾಲಿಗೆ ಬಂದದ್ದು, ರಾಜರ ಕಥೆ ಹೇಳುವ ದೊಡ್ಡ ಪಾರಸಿ ಕಾವ್ಯದ ಒಂದು ಹಾಳೆ. ಕುದುರೆ ಮೇಲಿನ ವೀರ ರಾಕ್ಷಸನ ಮೇಲೆ ಕತ್ತಿ ಎತ್ತಿದ್ದಾನೆ. ಎಡಗೈಯಲ್ಲಿ.

"ಎಡಗೈ ಯಾಕ?"

"ಅದೇ ಯಾರಿಗೂ ಗೊತ್ತಿಲ್ಲ. ಒಬ್ಬ ಪ್ರೊಫೆಸರ್ ಬರೆದಿದ್ದಾರೆ, ಅವನು ಸ್ಪೆಷಲ್ ಹೀರೋ, ಅದಕ್ಕೇ ಲೆಫ್ಟ್ ಹ್ಯಾಂಡ್ ಅಂತ. ಆ ಪ್ರೊಫೆಸರೇ ಗುರುವಾರ ಕೂತಿರ್ತಾರೆ. ನಂಗೆ ಹೇಳೋಕೆ ಏನೂ ಇಲ್ಲ ಅಜ್ಜಿ."

ಶುಕ್ರವಾರ ಮನೆಯವರನ್ನು ಒಬ್ಬರನ್ನು ಕರೆದುಕೊಂಡು ಬಂದು ತೋರಿಸಬಹುದಂತೆ. ಕಸ್ತೂರಿಗೆ ಡ್ಯೂಟಿ ಇತ್ತು. ನಾನು ಹೋದೆ.

ಪುಸ್ತಕದ ಮನೆ

ಅದರ ಹೆಸರು ನಾನು ಬರೆಯುವುದಿಲ್ಲ, ನಿಶಾ ಬೇಡ ಅಂದಿದ್ದಾಳೆ. ದೊಡ್ಡ ಮನೆ, ಒಳಗೆ ತಣ್ಣಗೆ, ಎಲ್ಲರೂ ಸೂತಕದ ಮನೆಯವರ ಹಾಗೆ ಪಿಸುಗುಟ್ಟುತ್ತಾರೆ. ಬಾಗಿಲಲ್ಲಿ ನನ್ನ ಚೀಲ ತೆಗೆದಿಟ್ಟುಕೊಂಡರು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ನಡೆಯುತ್ತದೆ. ಸೋಪು ಹಚ್ಚಿ ಕೈ ತೊಳೆಸಿದರು. ಆಮೇಲೆ ಏನನ್ನೂ ಮುಟ್ಟಬಾರದು ಅಂದರು.

"ಮುಟ್ಟಂಗಿಲ್ಲ ಅಂದ್ಮ್ಯಾಗ ಕೈ ಯಾಕ ತೊಳಸಿದ್ರಿ?" ಅಂದೆ. ನಿಶಾ ಅದನ್ನು ಇಂಗ್ಲಿಷಿಗೆ ಹೇಳಲಿಲ್ಲ.

ಅವಳ ಮೇಲಿನವರು ಮಹನಾಜ್ ಎಂಬ ಹೆಂಗಸು. ಇರಾನಿನವರು, ನನ್ನ ವಯಸ್ಸಿನವರೇ ಇರಬೇಕು. ಬೆಳ್ಳಿಯ ಕೂದಲು ಕಿವಿ ತನಕ ಕತ್ತರಿಸಿದ್ದಾರೆ, ನಗುವುದಿಲ್ಲ. ಮೊದಲು ತಮ್ಮ ಕೋಣೆಯಲ್ಲಿ ಚಹಾ ಕೊಟ್ಟರು. ಹಾಲಿಲ್ಲದ ಕೆಂಪು ಚಹಾ, ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ. ಸಕ್ಕರೆ ತುಂಡನ್ನು ಚಹಾದಲ್ಲಿ ಹಾಕದೆ ಹಲ್ಲಿನಲ್ಲಿ ಹಿಡಿದು ಅದರ ಮೇಲೆ ಚಹಾ ಹೀರಿದರು. ನನ್ನ ಅಜ್ಜಿ ಹೀಗೆಯೇ ಬೆಲ್ಲ ಕಚ್ಚಿಕೊಂಡು ಚಹಾ ಕುಡಿಯುತ್ತಿದ್ದಳು. ನಾನೂ ಹಾಗೆಯೇ ಕುಡಿದೆ. ಲೋಟ ಬಹಳ ಚಂದ ಇದೆ ಅಂದೆ. "ನಿಮ್ಮದೇ, ದಯವಿಟ್ಟು ತೆಗೆದುಕೊಳ್ಳಿ" ಅಂದರು. ನಾನು ಲೋಟ ತೊಳೆದು, ಒರೆಸಿ, ಕರ್ಚೀಪಿನಲ್ಲಿ ಸುತ್ತಿ ಇಟ್ಟುಕೊಂಡೆ.

ಹೊರಗೆ ಬಂದ ಮೇಲೆ ನಿಶಾ ಮುಖ ಟೊಮೆಟೊ. "ಅಜ್ಜೀ! ಅದು ಬರೀ ಮಾತಿಗೆ ಅನ್ನೋದು! ಅವರಲ್ಲಿ ಪದ್ಧತಿ. ನೀನು ನೋ ನೋ ಅನ್ಬೇಕು!"

"ಕೊಡಾಕ ಮನಸಿಲ್ಲಂದ್ರ ತಗೋರಿ ಅನಬಾರದು."

ನಮ್ಮಲ್ಲೂ ಇದ್ದಾರೆ, ಹೊರಟು ಚಪ್ಪಲಿ ಮೆಟ್ಟಿದವರಿಗೆ ಊಟ ಮಾಡಿಕೊಂಡು ಹೋಗಿರಿ ಅನ್ನುವವರು. ಅಂಥವರ ಮನೆಯಲ್ಲಿ ನಾನು ಚಪ್ಪಲಿ ಬಿಟ್ಟು ಕೂತು ಉಂಡೇ ಬರುತ್ತೇನೆ.

ಆಮೇಲೆ ಹಾಳೆ ತೋರಿಸಿದರು. ಮೆತ್ತೆಯ ಮೇಲೆ ಎಳೆಗೂಸಿನ ಹಾಗೆ ಮಲಗಿಸಿದ್ದರು. ಆಕಾಶಕ್ಕೆ ನೀಲಿಯಲ್ಲ, ಬಂಗಾರ ಬಳಿದಿದ್ದಾನೆ. ಬೆಟ್ಟಗಳು ಗುಲಾಬಿ, ನೇರಳೆ, ಜಾತ್ರೆಯ ಮಿಠಾಯಿ ಪೇರಿಸಿದ ಹಾಗೆ. ನೆಲ ದೂರ ಹೋಗುವುದೇ ಇಲ್ಲ, ಗೋಡೆಗೆ ಹಾಕಿದ ಜಮಖಾನದ ಹಾಗೆ ಮೇಲಕ್ಕೆ ಏರುತ್ತದೆ. ಒಂದೊಂದು ಹುಲ್ಲಿಗೂ ಬೇರೆ ಬೇರೆ ಹೂವು. ರಾಕ್ಷಸ ನಮ್ಮ ದೊಡ್ಡಾಟದವನ ಹಾಗೆಯೇ, ಮೈ ತುಂಬಾ ಚುಕ್ಕಿ, ಕೈಗೆ ಬಳೆ, ಮೊಣಕಾಲಿನ ತನಕ ಲಂಗ. ಕುದುರೆಯ ಕಣ್ಣಿನ ರೆಪ್ಪೆ ಎಣಿಸಬಹುದು. ಬಂಡೆಯ ಹಿಂದೆ ಒಬ್ಬ ನಿಂತು ಬೆರಳು ಬಾಯಿಗೆ ಇಟ್ಟುಕೊಂಡಿದ್ದಾನೆ.

"ಅವನಿಗೆ ಹಲ್ಲು ನೋವು ಏನು?"

ಮಹನಾಜ್ ಹೇಳಿದರು, ನಿಶಾ ತಿಳಿಸಿದಳು. ಅದು ಆಶ್ಚರ್ಯವಂತೆ. ಅಲ್ಲಿಯವರು ಬೆರಗಾದರೆ ಬೆರಳು ಬಾಯಿಗೆ. ನಾವು ಮೂಗಿನ ಮೇಲೆ ಇಡುತ್ತೇವೆ. ಎರಡು ಬೆರಳಿನಷ್ಟು ದೂರ, ಅಷ್ಟೇ.

ಕುದುರೆಯ ಮುಂಗಾಲಿನ ಹತ್ತಿರ ಬಣ್ಣ ಸ್ವಲ್ಪ ಉದುರಿತ್ತು. ಅಲ್ಲೇನೋ ಕಪ್ಪು ಕಂಡಿತು. ನಾನು ಬಗ್ಗಿದೆ. ಮಹನಾಜ್ ನನ್ನ ಹಣೆಯ ಮುಂದೆ ಕೈ ಅಡ್ಡ ಹಿಡಿದರು, ಕುಂಕುಮ ಉದುರೀತೆಂದು. ಸರಿಯೇ. ಪಕ್ಕದ ಕಂಪ್ಯೂಟರಿನಲ್ಲಿ ಅದೇ ಕಾಲನ್ನು ಆಳೆತ್ತರ ಮಾಡಿ ತೋರಿಸಿದರು. ಕಪ್ಪು ಚುಕ್ಕಿಗಳು. ಒಂದರ ಪಕ್ಕ ಒಂದು.

"ಇದೇನು?"

"ಹುಳದ ಡರ್ಟ್ ಅಜ್ಜಿ. ನೊಣ, ಹುಳ ಮಾಡಿದ ಹೊಲಸು. ಹಳೇ ರೆಕಾರ್ಡಿನಲ್ಲಿ ಹಾಗೇ ಬರೆದಿದ್ದಾರೆ."

ನನಗೆ ನಗು ಬಂತು. "ಯಾವ ಹುಳ ಇಷ್ಟು ನೆಟ್ಟಗ ಸಾಲು ಹಿಡದು ಹೇಲತೈತವಾ? ಅಳತಿ ಹಚ್ಚಿ?"

ಮಹನಾಜ್ "ಏನಂದರು?" ಎಂದು ಮೂರು ಸಲ ಕೇಳಿದ ಮೇಲೆ ನಿಶಾ ಇಂಗ್ಲಿಷಿಗೆ ಹೇಳಿದಳು. ಆ ಹೆಂಗಸು ಮೊದಲ ಸಲ ನಕ್ಕದ್ದು ಆವಾಗ.

ನಾನು ಕುರ್ಚಿ ಎಳೆದುಕೊಂಡು ಕೂತೆ. ಆ ಚುಕ್ಕಿಗಳನ್ನು ನನ್ನ ಜೀವಮಾನ ಪೂರ್ತಿ ನೋಡಿದ್ದೇನೆ. ಇದ್ದಲು ಪುಡಿ, ಗಂಟು ತಟ್ಟಿದ್ದು. ಎಡಗೈ ಯಾಕೆ ಎಂಬುದೂ ಕೂತಲ್ಲೇ ತಿಳಿಯಿತು, ಯಾಕೆಂದರೆ ಆ ತಪ್ಪು ನಾನೂ ಮಾಡಿದ್ದೇನೆ.

ಮದುವೆಯಾದ ಹೊಸತು. ದೊಡ್ಡ ಮನೆತನದ ಹುಡುಗಿಯ ಮದುವೆ ಕುಪ್ಪಸ. ಬೆನ್ನಿನ ಮೇಲೆ ಹೆಣ್ಣುಗಂಡು ಅಕ್ಕಿಕಾಳು ಹಾಕುವ ಚಿತ್ರ. ಅವಸರದಲ್ಲಿ ಹಾಳೆ ಮಗುಚಿ ಬಿತ್ತು, ನಾನು ನೋಡದೆ ತಟ್ಟಿದೆ. ಜರಿಯವನೂ ನೋಡದೆ ಹೊಲಿದ. ಮದುವೆಯ ಮುನ್ನಾದಿನ ಹುಡುಗಿಯ ಸೋದರತ್ತೆ ಕುಪ್ಪಸ ತಂದು ನನ್ನ ಮುಖಕ್ಕೆ ಎಸೆದಳು. ಚಿತ್ರದ ಗಂಡು ಹೆಣ್ಣಿನ ತಲೆಗೆ ಎಡಗೈಯಲ್ಲಿ ಅಕ್ಷತೆ ಹಾಕುತ್ತಿದ್ದ. ನನ್ನ ಅತ್ತೆ ಓಣಿಯ ಮುಂದೆಯೇ ಬೆನ್ನಿಗೆ ನಾಲ್ಕು ಬಿಟ್ಟಳು. ಅಂದಿನಿಂದ ಪ್ರತಿ ಹಾಳೆಯ ಮೂಲೆಗೂ ಶ್ರೀ ಬರೆಯುತ್ತೇನೆ. ಶ್ರೀ ನೆಟ್ಟಗೆ ಕಂಡರೆ ಹಾಳೆ ನೆಟ್ಟಗಿದೆ.

"ಇವನೊಬ್ಬನೇ ಎಡಚನೇನು? ಉಳದವ್ರನ್ನ ನೋಡ್ರಿ" ಅಂದೆ.

ನೋಡಿದರು. ವೀರನ ಕತ್ತಿಯ ಒರೆ ಬಲ ಸೊಂಟಕ್ಕೆ. ಹಿಂದಿನ ಇಬ್ಬರು ಸಿಪಾಯಿಗಳ ಭರ್ಚಿ ಎಡಗೈಯಲ್ಲಿ. ಅಂಗಿಯ ಮಡಿಕೆಯೂ ಉಲ್ಟಾ. ಬೆರಳು ಕಚ್ಚುವವನು ಮಾತ್ರ ಬಲಗೈ ಬೆರಳು ಕಚ್ಚಿದ್ದ.

"ಅವನನ್ನ ಕೈಲೇ ಬರದಾನ. ಉಳದದ್ದು ಹಾಳಿ ತಿರುವಿ ಹಾಕಿದ್ದು. ವೀರನೂ ಇಲ್ಲ, ಸ್ಪೆಷಲ್ಲೂ ಇಲ್ಲ. ಕೈತಪ್ಪು."

ಮಹನಾಜರಿಗೆ ಈ ಕೆಲಸದ ರೀತಿ ಗೊತ್ತಿರಲಿಲ್ಲ ಅಂತಲ್ಲ. ಅವರ ದೇಶದ ಚಿತ್ರಗಾರರು ಜಿಂಕೆಯ ತೆಳು ಚರ್ಮಕ್ಕೆ ಹೀಗೆಯೇ ಚುಚ್ಚಿ ಇದ್ದಲು ತಟ್ಟುತ್ತಿದ್ದರಂತೆ. ಅವರು ಅದನ್ನು ಓದಿ ಕಲಿತಿದ್ದರು. ಈ ಹಾಳೆಯ ಚುಕ್ಕಿಯನ್ನು ಹಿಂದೆ ಯಾರೋ ಹುಳ ಅಂದಿದ್ದರು, ಆಮೇಲೆ ಎಲ್ಲರೂ ಹುಳವನ್ನೇ ಕಂಡರು.

ಮಹನಾಜ್ ಹೇಳಿದರು: "ನಿಮ್ಮ ಮಾತು ನನಗೆ ಹಿಡಿಸಿತು. ಆದರೆ ಇದು ಊಹೆ. ಗುರುವಾರ ಪ್ರೊಫೆಸರ್ ಸಾಕ್ಷಿ ಕೇಳುತ್ತಾರೆ."

"ಸಾಕ್ಷಿ ಇದ್ದೇ ಇರತೈತಿ. ಒಂದು ಚಿತ್ರಕ್ಕಂತ ಯಾರೂ ಹಾಳಿ ಚುಚ್ಚಂಗಿಲ್ಲ. ಇದರ ಜೋಡಿ ಎಲ್ಲೋ ಐತಿ. ಬಲಗೈಯವ, ಆ ಕಡೆ ಮಾರಿ ಮಾಡಿದವ. ಹುಡುಕ್ರಿ."

ಮತ್ತೆ ಕ್ವೀನ್ಸ್‌ಬರಿ: ಸಾವಿರ ಕುದುರೆ

ಹುಡುಕುವುದು ಅಂದರೆ ಸುಲಭವಲ್ಲ. ಆ ಕಾಲದ ಪುಸ್ತಕಗಳು ಊರೂರಲ್ಲಿ ಚದುರಿವೆ, ಒಂದೊಂದರಲ್ಲೂ ಕುದುರೆಯ ಹಿಂಡು. ನಿಶಾ ಶನಿವಾರದಿಂದ ಲ್ಯಾಪ್‌ಟಾಪ್ ಹಿಡಿದು ಸೋಫಾದ ಮೇಲೆ ಕೂತಳು. ನಾನು ಪಕ್ಕದಲ್ಲಿ ಬಟಾಣಿ ಬಿಡಿಸುತ್ತಾ ಕೂತೆ.

ನಡುವೆ ಇವಳಿಗೆ ಚುಚ್ಚುಹಾಳಿಯ ಕೆಲಸ ತೋರಿಸಬೇಕಲ್ಲ ಎಂದು ಇದ್ದಲಿಗೆ ನೋಡಿದೆ. ಆ ಮನೆಯಲ್ಲಿ ಇದ್ದಲು ಎಲ್ಲಿಂದ ಬರಬೇಕು? ನಿಶಾಳ ಬ್ರೆಡ್ಡು ನೆನಪಾಯಿತು. ನಾಲ್ಕು ತುಂಡು ಬ್ರೆಡ್ಡು ಪೂರ್ತಿ ಕರ್ರಗೆ ಸುಟ್ಟೆ. ಮಾಳಿಗೆಗೆ ಅಂಟಿಸಿದ, ಹೊಗೆ ಬಂದರೆ ಕೂಗುವ ಬಿಳಿ ಡಬ್ಬಿಯೊಂದು ಕುಯ್ಯೋ ಎಂದು ಹೊಡೆದುಕೊಳ್ಳತೊಡಗಿತು. ಕಸ್ತೂರಿ ನಿದ್ದೆಯಿಂದ ಎದ್ದು ಓಡಿ ಬಂದಳು, ನಿಶಾ ಟವೆಲ್ ಬೀಸಿದಳು, ಪಕ್ಕದ ಮನೆಯ ಮುದುಕ ಬಾಗಿಲಿಗೆ ಬಂದ. ಈ ಸಲ ಹವಾದ ಸುದ್ದಿ ತೆಗೆಯಲಿಲ್ಲ.

"ಯವ್ವಾ, ಮನಿ ಸುಡತೀಯೇನ್?" ಕಸ್ತೂರಿ ಒದರಿದಳು.

"ಮನಿ ಅಲ್ಲ, ಬ್ರೆಡ್ಡು. ಕುಟ್ಟಾಕ ಕಲಬತ್ತು ಎಲ್ಲೈತಿ?"

ಬ್ರೆಡ್ಡಿನ ಪುಡಿ ಜಿಗುಟು, ತೂತಿನಲ್ಲಿ ಇಳಿಯಲಿಲ್ಲ. ಕೊನೆಗೆ ಆ ಮುದುಕನೇ ತನ್ನ ಹಿತ್ತಲಲ್ಲಿ ಮಾಂಸ ಸುಡುವ ಒಲೆಯ ಇದ್ದಲನ್ನು ಒಂದು ಪೊಟ್ಟಣ ತಂದುಕೊಟ್ಟ. ಮಾಂಸದ ಒಲೆಯದು ಎಂದು ನಾನು ಒಂದು ಗಳಿಗೆ ಹಿಂದೆಮುಂದೆ ನೋಡಿದೆ. ಆಮೇಲೆ ಇದ್ದಲಿಗೆ ಯಾವ ಮಡಿ ಅಂದುಕೊಂಡು ಕುಟ್ಟಿದೆ.

ಭಾನುವಾರ ಕಳೆಯಿತು, ಸೋಮವಾರವೂ. ನಿಶಾಳ ಕಣ್ಣು ಕೆಂಪಾದವು. "ಇಲ್ಲ ಅಜ್ಜಿ. ಬಟ್ಟೆ ಬೇರೆ, ಫೇಸ್ ಬೇರೆ. ಯಾವುದೂ ಸೇಮ್ ಇಲ್ಲ."

"ಬಟ್ಟಿ ಯಾಕ ನೋಡ್ತಿ, ಹುಚ್ಚಿ? ಬಣ್ಣ ಆಮ್ಯಾಲೆ ಹಾಕೋದು. ಕಾಲು ನೋಡು."

ಆ ಕುದುರೆಯ ಎತ್ತಿದ ಮುಂಗಾಲಿನ ಗೊರಸು ಒಳಕ್ಕೆ ಸ್ವಲ್ಪ ಸೊಟ್ಟಗಿತ್ತು, ಉಳುಕಿದ ಹಾಗೆ. ಚುಚ್ಚುವವನ ಸೂಜಿ ಜಾರಿರಬೇಕು. ಚುಚ್ಚುಹಾಳಿಯ ಗುಣವೇ ಅದು. ನನ್ನ ಒಂದು ನವಿಲಿನ ಕೊಕ್ಕು ಮುರಿದ ಹಾಗೆ ಬಂದಿತ್ತು, ಆ ವರ್ಷ ಹುಬ್ಬಳ್ಳಿಯ ಅರ್ಧ ಮದುವೆಗಳಲ್ಲಿ ಕೊಕ್ಕು ಮುರಿದ ನವಿಲುಗಳೇ ಓಡಾಡಿದವು.

ಮಂಗಳವಾರ ಮಧ್ಯಾಹ್ನ ನಿಶಾ ಪಟಪಟ ಚಿತ್ರ ಸರಿಸುತ್ತಿದ್ದಳು. ಹಸಿರು ಅಂಗಿಯವನೊಬ್ಬ ಸಿಂಹದ ಬೇಟೆಯಾಡುವ ಚಿತ್ರ ಬಂದು ಹೋಯಿತು.

"ನಿಲ್ಲಸು! ಹಿಂದಕ್ಕ ಹೋಗು!"

ರಾಕ್ಷಸನಿಲ್ಲ. ಮೀಸೆಯಿಲ್ಲ. ಕುದುರೆ ಕಂದು. ಬಲಗೈಯಲ್ಲಿ ಕತ್ತಿ. ಮುಖ ಆ ಕಡೆಗೆ. ಮತ್ತೆ ಮುಂಗಾಲಿನ ಗೊರಸು ಒಳಕ್ಕೆ ಸೊಟ್ಟಗೆ.

ಬಟಾಣಿ ಬುಟ್ಟಿ ಮಗುಚಿತು. ನಿಶಾ ನನ್ನನ್ನು ತಬ್ಬಿಕೊಂಡು ಕುಣಿದಳು. "ಕುಣಿಯೋದು ಆಮ್ಯಾಲೆ, ಮದಲ ಬಟಾಣಿ ಆರಸು" ಅಂದೆ.

ಬುಧವಾರ ಬೆಳಿಗ್ಗೆಯೇ ಅವಳು ಎರಡೂ ಚಿತ್ರಗಳನ್ನು ಅಸಲಿನ ಅಳತೆಗೇ ಕಾಗದದ ಮೇಲೆ ಇಳಿಸಿಕೊಂಡು ಬಂದಳು. ನಾನು ಎಡಗೈ ಸವಾರನ ಮೇಲೆ ಬೆಣ್ಣೆ ಕಾಗದ ಹಾಸಿ, ಬೆಳಗಿನಿಂದ ಸಂಜೆ ತನಕ ಚುಚ್ಚಿದೆ. ಇಷ್ಟು ಸಣ್ಣ ಕೆಲಸ ಎಂದೂ ಮಾಡಿರಲಿಲ್ಲ. ಚುಚ್ಚುತ್ತಾ ಹೋದಂತೆ ಆ ಚಿತ್ರಗಾರನ ಕೈ ಎಲ್ಲಿ ನಿಂತು ಎಲ್ಲಿ ಓಡಿದೆ ಎಂದು ನನ್ನ ಕೈಗೆ ತಿಳಿಯುತ್ತಿತ್ತು. ಕುದುರೆಯ ಬೆನ್ನನ್ನು ಒಂದೇ ಉಸಿರಿಗೆ ಎಳೆದಿದ್ದಾನೆ, ಭಲೇ ಮಗ! ಹಾಳೆ ತಿರುವಿದೆ. ಈಗ ಸವಾರ ಬಲಗೈಯವನಾದ. ಆ ಮುಖಕ್ಕೇ ಮೂಲೆಯಲ್ಲಿ ಶ್ರೀ ಬರೆದೆ.

ಕ್ಯಾನರಿ ವಾರ್ಫ್

ಗುರುವಾರ ನಿಶಾ ಬೇಗ ಹೋದಳು. ಕಸ್ತೂರಿ ನನ್ನನ್ನು ಕರೆದುಕೊಂಡು ಬರುವುದೆಂದು ಮಾತಾಗಿತ್ತು. ಹೊರಡುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು, ಅವಳು ಆ ಕಡೆ ಓಡಿದಳು. ನನ್ನನ್ನು ಟ್ಯೂಬ್ ರೈಲಿನಲ್ಲಿ ಕೂಡಿಸಿ, "ಬಾಂಡ್ ಸ್ಟ್ರೀಟ್ ಅಂತ ಹೇಳ್ತಾರ, ಅಲ್ಲಿ ಇಳಿ, ನಿಶಾ ನಿಂತಿರ್ತಾಳ" ಅಂದಳು. ಸ್ಟೇಷನ್ ಎಣಿಸುತ್ತಾ ಕೂತೆ. ಕೈಯಲ್ಲಿ ಬೆಣ್ಣೆ ಕಾಗದದ ಸುರುಳಿ, ಇದ್ದಲಿನ ಗಂಟು. ಫೋನು ಮನೆಯಲ್ಲಿ ಚಾರ್ಜಿಗೆ.

ಎದುರಿಗೆ ಒಬ್ಬ ಹುಡುಗಿ ಬಂದು ಕೂತಳು. ಓಡುವ ರೈಲಿನಲ್ಲಿ ಪುಟ್ಟ ಕನ್ನಡಿ ತೆಗೆದು ಕಣ್ಣಿಗೆ ಕಪ್ಪು ಗೆರೆ ಎಳೆಯತೊಡಗಿದಳು. ರೈಲು ಕುಲುಕುತ್ತದೆ, ಅವಳ ಕೈ ಕುಲುಕುವುದಿಲ್ಲ. ಮೊಣಕೈ ಊರಿ, ಉಸಿರು ಹಿಡಿದು, ಕಣ್ಣಿನ ಕೊನೆಗೆ ಮೀನಿನ ಬಾಲದಂಥ ಗೆರೆ. ಒಂದು ಕಣ್ಣು ಮುಗಿಯಿತು. ಇನ್ನೊಂದನ್ನು ತದ್ವತ್ ಜೋಡಿ ಮಾಡುತ್ತಾಳೋ ಇಲ್ಲವೋ ನೋಡೋಣ ಎಂದು ನೋಡುತ್ತಾ ಕೂತೆ. ಮಾಡಿದಳು. ಅಷ್ಟರಲ್ಲಿ ಬಾಂಡ್ ಸ್ಟ್ರೀಟ್ ಯಾವಾಗಲೋ ಹೋಗಿತ್ತು.

ಇಳಿದದ್ದು ಕ್ಯಾನರಿ ವಾರ್ಫಿನಲ್ಲಿ. ಏರುವ ಮೆಟ್ಟಿಲುಗಳು ಮುಗಿಯುವುದೇ ಇಲ್ಲ, ಎಲ್ಲರೂ ಕರಿ ಕೋಟು, ಒಬ್ಬರೂ ನಿಲ್ಲುವುದಿಲ್ಲ. ನಿಶಾಳ ಸರದಿ ಹನ್ನೊಂದಕ್ಕೆ, ಗೋಡೆಯ ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ನನಗೆ ಭಯ ಬಂತು, ಅದನ್ನು ಮುಚ್ಚಿಡುವುದಿಲ್ಲ. ನಾನು ಕಳೆದುಹೋದರೆ ಪರವಾಗಿಲ್ಲ, ಯಾರಾದರೂ ಹಿಡಿದು ತಂದು ಕೊಡುತ್ತಾರೆ. ಈ ಸುರುಳಿ ತಡವಾದರೆ ಹುಡುಗಿಯ ವರ್ಷ ಹಾಳು.

ಗೆರೆ ಎಳೆದ ಹುಡುಗಿಯ ತೋಳು ಗಟ್ಟಿಯಾಗಿ ಹಿಡಿದೆ. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ: "ಯುವರ್ ಐ, ಮೈ ಮಿಸ್ಟೇಕ್. ಬಾಂಡ್ ಸ್ಟ್ರೀಟ್." ಅವಳು ಒಂದು ಗಳಿಗೆ ಪಿಳಿಪಿಳಿ ನೋಡಿ ಜೋರಾಗಿ ನಕ್ಕಳು. ಆಫೀಸಿಗೆ ತಡವಾದರೂ ಎದುರಿನ ರೈಲಿಗೆ ಕರೆದುಕೊಂಡು ಹೋಗಿ, ಬಾಂಡ್ ಸ್ಟ್ರೀಟ್ ತನಕ ಪಕ್ಕದಲ್ಲೇ ಕೂತು ಬಂದಳು. ಲಂಡನ್ನಿನವರು ಮಾತಾಡುವುದಿಲ್ಲ ಅನ್ನುತ್ತಾರೆ. ತೋಳು ಹಿಡಿದರೆ ಮಾತಾಡುತ್ತಾರೆ.

ಗುರುವಾರ, ಪುಸ್ತಕದ ಮನೆ

ಬಾಂಡ್ ಸ್ಟ್ರೀಟಿನಲ್ಲಿ ನಿಶಾ ಇರಲಿಲ್ಲ. ಅವಳ ಜತೆಯ ಇನ್ನೊಬ್ಬ ಹುಡುಗಿ ನಿಂತಿದ್ದಳು, ಕಾಯಂ ಜಾಗಕ್ಕೆ ಇವಳ ಎದುರಾಳಿಯೇ. ತನ್ನ ಮಾತು ಮುಗಿಸಿ ನನ್ನನ್ನು ಕಾಯಲು ತಾನೇ ಬಂದಿದ್ದಳಂತೆ. ನನ್ನ ಕೈ ಹಿಡಿದು ಓಡಿಸಿಕೊಂಡು ಹೋದಳು. ಒಳ್ಳೆಯ ಹುಡುಗಿ. ಅವಳಿಗೂ ನನ್ನಂಥ ಒಬ್ಬ ಅಜ್ಜಿ ಇರಬೇಕಾಗಿತ್ತು.

ಮಾತಾಡುವ ಕೋಣೆಯಲ್ಲಿ ಉದ್ದನೆಯ ಮೇಜು. ಅಸಲು ಪುಸ್ತಕ ಅಲ್ಲಿರಲಿಲ್ಲ, ಇದ್ದಿದ್ದರೆ ನನ್ನ ಇದ್ದಲು ಗಂಟನ್ನು ಬಾಗಿಲಲ್ಲೇ ಕಸಿದುಕೊಳ್ಳುತ್ತಿದ್ದರು. ಮಹನಾಜ್, ಇನ್ನಿಬ್ಬರು, ಮತ್ತೆ ಬಿಳಿ ಗಡ್ಡದ ಪ್ರೊಫೆಸರ್. ನಿಶಾ ನಿಂತಿದ್ದಳು, ಮುಖ ಬಿಳಿಚಿತ್ತು. ಹೇಳುವುದನ್ನೆಲ್ಲಾ ಹೇಳಿದ್ದಳು. ಪ್ರೊಫೆಸರ್ ಮಾತ್ರ ತಲೆ ಆಡಿಸುತ್ತಿದ್ದ. ಚುಕ್ಕಿ ಹುಳದ್ದೂ ಇರಬಹುದು, ಎರಡು ಕುದುರೆ ಹೋಲುವುದು ಆಕಸ್ಮಿಕವೂ ಇರಬಹುದು ಎಂದು.

ನನ್ನನ್ನು ಕಂಡು ನಿಶಾ ಅಂದಳು: "ದಿಸ್ ಈಸ್ ಮೈ ಗ್ರ್ಯಾಂಡ್‌ಮದರ್. ಷಿ ವಿಲ್ ಷೋ ಯು." ಅಷ್ಟು ನನಗೂ ತಿಳಿಯಿತು.

ನಾನು ಯಾರನ್ನೂ ನೋಡಲಿಲ್ಲ. ಸುರುಳಿ ಬಿಚ್ಚಿದೆ. ಮೊದಲು ಎಡಗೈ ಸವಾರನ ಮೇಲೆ ಹಾಳೆ ಇಟ್ಟೆ, ಕೂತಿತು. ಎತ್ತಿದೆ. ಗಾಳಿಯಲ್ಲಿ ತಿರುವಿದೆ, ದೋಸೆ ತಿರುವಿದ ಹಾಗೆ. ಸಿಂಹದ ಬೇಟೆಯವನ ಮೇಲೆ ಇಟ್ಟೆ. ಬೆನ್ನಿಗೆ ಬೆನ್ನು, ತೋಳಿಗೆ ತೋಳು, ಸೊಟ್ಟ ಗೊರಸಿಗೆ ಸೊಟ್ಟ ಗೊರಸು. ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಬಿಳಿ ಕಾಗದ ಹಾಸಿ ಗಂಟು ತಟ್ಟಿ ಎತ್ತಿ ತೋರಿಸಿದೆ. ಕಂಪ್ಯೂಟರಿನಲ್ಲಿ ಕಂಡ ಚುಕ್ಕಿಗಳೇ, ಅದೇ ಸಾಲು.

ಪ್ರೊಫೆಸರ್ ಎದ್ದು ಬಂದು ಮೇಜಿನ ಮೇಲೆ ಬಗ್ಗಿದ. ಚುಕ್ಕಿಗಳನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ನೆಟ್ಟಗೆ ನಿಂತು ಯೋಚಿಸುತ್ತಾ, ಆ ಬೆರಳನ್ನೇ ಬಾಯಿಗೆ ಇಟ್ಟುಕೊಂಡ. ಬಂಡೆಯ ಹಿಂದಿನವನು ನಿಂತ ಹಾಗೆಯೇ. ತುಟಿ, ಗಡ್ಡ ಎಲ್ಲಾ ಕರಿ. ಮಹನಾಜ್ ಮುಖ ಆ ಕಡೆ ತಿರುಗಿಸಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು.

"ನಾನು ಬರೆದದ್ದು ತಪ್ಪು" ಅಂದ ಪ್ರೊಫೆಸರ್. ಇದನ್ನು ನಾನು ಮೆಚ್ಚಿದೆ. ನಮ್ಮಲ್ಲಿ ಗಡ್ಡ ಬೆಳ್ಳಗಾದವರ ಬಾಯಲ್ಲಿ ಈ ಮಾತು ಬರುವುದಿಲ್ಲ. ಆಮೇಲೆ ಮಗುವಿನ ಹಾಗೆ ಕೇಳಿದ, ತಾನೂ ಒಂದು ಸಲ ಮಾಡಿ ನೋಡಬಹುದೇ?

"ಮಾಡ್ರಿ. ಬಲಗೈಯವನ್ನ ಇಳಸ್ರಿ ನೋಡೂಣು. ಶ್ರೀ ಮ್ಯಾಲ ಬರಬೇಕು. ಉಜ್ಜಬ್ಯಾಡ್ರಿ, ತಟ್ಟ್ರಿ. ಉಸಿರು ಹಿಡೀರಿ." ನಿಶಾ ಒಂದೊಂದನ್ನೂ ತಿಳಿಸಿದಳು.

ಅವನು ನಾಲಿಗೆ ಕಚ್ಚಿಕೊಂಡು ತಟ್ಟಿದ. ಬೆಣ್ಣೆ ಕಾಗದ, ಎರಡೂ ಕಡೆಗೆ ಅಕ್ಷರ ಕಾಣುತ್ತದೆ. ಅವನಿಗೆ ಕನ್ನಡದ ಶ್ರೀ ಯಾವ ಮುಖಕ್ಕೆ ನೆಟ್ಟಗೆ ಎಂದು ಹೇಗೆ ತಿಳಿಯಬೇಕು? ಹಾಳೆ ಎತ್ತಿ ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ.

ಸವಾರ ಕತ್ತಿ ಎತ್ತಿದ್ದ. ಎಡಗೈಯಲ್ಲಿ.

ಕೋಣೆಗೆ ಕೋಣೆಯೇ ನಕ್ಕಿತು. ಪ್ರೊಫೆಸರ್ ಕಿವಿ ಕೆಂಪಾದವು. ನಾನು ಅವನ ಬೆನ್ನು ತಟ್ಟಿದೆ, ಅತ್ತೆ ತಟ್ಟಿದ ಹಾಗಲ್ಲ.

"ಇರ್ಲಿ ಬಿಡ್ರಿ. ಮದಲ ಆ ಚಿತ್ರಗಾರ, ಆಮ್ಯಾಲೆ ನಾನು, ಈಗ ನೀವು. ನಾವು ಮೂರು ಮಂದಿ ಒಂದ ಸಾಲಿಯವ್ರು."

ಮೂರು ಗಂಟೆಗೆ ಮಹನಾಜ್ ಹೊರಗೆ ಬಂದು ನಿಶಾಳ ಕೈ ಹಿಡಿದರು. ಜಾಗ ಅವಳಿಗೇ. ಚಿತ್ರದ ಕೆಳಗಿನ ಬರಹವೂ ಹೊಸದು, ಹುಳದ ಮಾತು ತೆಗೆದುಹಾಕಿದರು. ನನಗೆ ಒಂದು ಚಿಕ್ಕ ಡಬ್ಬಿ ಕೊಟ್ಟರು. ಒಳಗೆ ಸೊಂಟ ಸಣ್ಣಗಿರುವ ಗಾಜಿನ ಲೋಟ, ಮೊದಲಿನದರ ಜೋಡಿ. "ತೆಗೆದುಕೊಳ್ಳಿ" ಅಂದರು. ನಿಶಾ ನನ್ನ ಕಾಲು ತುಳಿದಳು. ನಾನು "ಬ್ಯಾಡ್ರಿ, ಬ್ಯಾಡ್ರಿ, ಬ್ಯಾಡ್ರಿ" ಎಂದು ಮೂರು ಸಲ ಹೇಳಿ ತೆಗೆದುಕೊಂಡೆ.

ಪ್ರೊಫೆಸರ್ ತಟ್ಟಿದ ಕಾಗದ ಕೇಳಿ ಇಸಿದುಕೊಂಡು ಬಂದೆ. ಹಿಂದೆ ಅವನ ಸಹಿಯೂ ಇದೆ. ಈಗ ಹುಬ್ಬಳ್ಳಿಯಲ್ಲಿ ನಾನು ಕೂತು ಚುಚ್ಚುವ ಜಾಗದ ಮೇಲೆ, ಗೋಡೆಗೆ, ಗಾಜು ಹಾಕಿಸಿ ತೂಗುಬಿಟ್ಟಿದ್ದೇನೆ. ಮೊನ್ನೆ ಕುಪ್ಪಸ ಕೊಡಲು ಬಂದ ಒಬ್ಬಾಕೆ ನೋಡಿ, "ಎಷ್ಟ್ ಚಂದ ಐತ್ರಿ, ಯಾರ್ ಮಾಡಿದ್ದು?" ಅಂದಳು.

"ಲಂಡನ್ನಿನ ಪ್ರೊಫೆಸರ್ ಮಾಡಿದ ತಪ್ಪು" ಅಂದೆ. "ಸರಿಯಾದದ್ದು ಬೇಕಂದ್ರ ನನ್ನ ಹತ್ರ ಐತಿ."